ಶಿವಡಿಯ ಕೆಸರಿನಲ್ಲಿ ರೇಣುಕಾಳ ಎಣಿಕೆ

ಹುಬ್ಬಳ್ಳಿಯಿಂದ ಹಿಂದಿನ ದಿನ ಮಧ್ಯಾಹ್ನ ಹೊರಟ ರೈಲು ಬೆಳಿಗ್ಗೆ ಆರೂಕಾಲಿಗೆ ನನ್ನನ್ನು ದಾದರ್‌ನಲ್ಲಿ ಇಳಿಸಿತು. ಸ್ಲೀಪರ್ ಟಿಕೆಟ್ಟಿಗೆ ನಾಲ್ಕುನೂರರೊಳಗೆ ಆಗಿತ್ತು. ಕಟ್ಟಿಕೊಂಡು ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಮಿರಜ್ ದಾಟುವುದರೊಳಗೇ ಮುಗಿದಿದ್ದವು. ಜೂನ್ ಮೊದಲ ವಾರ, ಮಳೆ ಇನ್ನೂ ಬಂದಿರಲಿಲ್ಲ. ಪ್ಲಾಟ್‌ಫಾರ್ಮಿಗೆ ಕಾಲಿಡುತ್ತಲೇ ಬೆನ್ನಿಗೆ ರವಿಕೆ ಅಂಟಿಕೊಂಡಿತು. ನಮ್ಮ ಕಡೆಯ ಬಿಸಿಲು ಚುರ್ ಎನ್ನುತ್ತದೆ, ಇಲ್ಲಿಯದು ಒದ್ದೆ ಬಟ್ಟೆ ಹೊದಿಸಿದಂತೆ.

ನಾನು ಗದಗ ಜಿಲ್ಲೆಯ ಒಂದು ತಾಲ್ಲೂಕು ಊರಿನ ಡಿಗ್ರಿ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಮುಂಬೈಗೆ ಬಂದದ್ದು ನಮ್ಮ ವಿದ್ಯಾರ್ಥಿನಿ ರೇಣುಕಾಳನ್ನು ನೋಡಲು. ಬಿಎಸ್ಸಿ ಎರಡನೆಯ ವರ್ಷ ಮುಗಿಸಿದ ಅವಳು ಇಲ್ಲಿಯ ಒಂದು ಸಂಸ್ಥೆಯ ಎಂಟು ವಾರಗಳ ಬೇಸಿಗೆ ಸಂಶೋಧನಾ ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದಳು. ನಮ್ಮ ಕಾಲೇಜಿಗೆ ಇದು ಮೊದಲು. ಅರ್ಜಿ ತುಂಬಿಸಿದವಳು ನಾನು, ಶಿಫಾರಸು ಪತ್ರ ಬರೆದವಳು ನಾನು, ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಅವಳಪ್ಪನನ್ನು ಒಪ್ಪಿಸಿದವಳೂ ನಾನೇ. "ರಜೆದಾಗ ಮನಿಯಾಗಿರೂದು ಬಿಟ್ಟು ಅಷ್ಟು ದೂರ ಹೋಗಿ ಏನು ಕಲೀತಾಳ್ರಿ?" ಎಂದು ಅವರು ಕೇಳಿದ್ದರು. ನಾನು ಏನೇನೋ ಹೇಳಿ ಸುಮ್ಮನಾಗಿಸಿದ್ದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನಾನು ಸ್ವತಃ ಸಂಶೋಧನೆ ಮಾಡಿದವಳಲ್ಲ.

ನಾಲ್ಕು ವಾರ ಕಳೆದ ಮೇಲೆ ಅವಳಿಂದ ಒಂದು ಮೆಸೇಜು ಬಂತು. "ಮೇಡಮ್, ನನಗ ವಾಪಸ್ ಬರಬೇಕನಸ್ತದ. ಕಾರಣ ಫೋನಿನ್ಯಾಗ ಹೇಳಾಕ ಆಗೂದಿಲ್ಲ." ಫೋನ್ ಮಾಡಿದರೆ "ಹಂಗೇನಿಲ್ರಿ" ಎಂದು ತಟ್ಟನೆ ಫೋನಿಟ್ಟಳು. ಹೆಣ್ಣುಮಗಳು, ಗೊತ್ತಿಲ್ಲದ ಊರು. ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಮುಂದಿನ ವರ್ಷ ತಮ್ಮ ಮಕ್ಕಳನ್ನೂ ಕಳಿಸಬಹುದೇ ಎಂದು ಇನ್ನೂ ಇಬ್ಬರು ಪಾಲಕರು ಕೇಳುತ್ತಿದ್ದರು. ಮೂರು ದಿನ ಬಿಟ್ಟು ರೈಲು ಹತ್ತಿದೆ.

ದಾದರ್‌ನ ಮೇಲ್ಸೇತುವೆ ದಾಟಿ ವೆಸ್ಟರ್ನ್ ಲೈನಿಗೆ ಬಂದೆ. ಹೂವಿನ ಮಾರುಕಟ್ಟೆಯಿಂದ ಚೆಂಡುಹೂವಿನ ಮೂಟೆ ಹೊತ್ತ ಹೆಂಗಸರು ಎದುರಾದರು. ಹತ್ತು ರೂಪಾಯಿ ಟಿಕೆಟ್ಟಿಗೆ ಬೊರಿವಲಿ. ಊರಿಗೆ ಊರೇ ದಕ್ಷಿಣಕ್ಕೆ ಹೋಗುವ ಹೊತ್ತಿನಲ್ಲಿ ನಾನು ಉತ್ತರಕ್ಕೆ ಹೊರಟಿದ್ದರಿಂದ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತು.

ಬೊರಿವಲಿಯಲ್ಲಿ ನನ್ನ ಗಂಡನ ಅಕ್ಕ ಸುಧಾಕ್ಕ ಇದ್ದಾಳೆ. ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹತ್ತು ನಿಮಿಷ, ಏಳು ಅಂತಸ್ತಿನ ಬಿಲ್ಡಿಂಗಿನಲ್ಲಿ ನಾಲ್ಕನೆಯದು. ಆ ದಿನ ರೇಣುಕಾ ಸಂಜೆಯವರೆಗೂ ಕೆಲಸದಲ್ಲಿರುತ್ತೇನೆ, ನಾಳೆ ಬನ್ನಿ ಎಂದದ್ದರಿಂದ ಮನೆಯಲ್ಲೇ ಉಳಿದೆ. ಸುಧಾಕ್ಕ ಉಪ್ಪಿಟ್ಟು ಮಾಡಿದ್ದಳು, ಮೇಲೆ ಇಲ್ಲಿಯವರಂತೆ ಸಣ್ಣ ಸೇವು ಉದುರಿಸಿ.

ಅವಳ ಮಗಳು ಸಾನಿಕಾ ಕೆಮಿಸ್ಟ್ರಿ ಓದುತ್ತಾಳೆ. ಕನ್ನಡ ಪೂರಾ ತಿಳಿಯುತ್ತದೆ, ಆಡುವಾಗ ಮಾತ್ರ ತಡೆಯುತ್ತಾಳೆ. ನಾನು ಬಂದ ಕಾರಣ ಕೇಳಿ ನಕ್ಕಳು.

"ಮಾಮಿ, ಲಾಸ್ಟ್ ಇಯರ್ ನಾನೂ ಮಾಡಿದೆ ನಾ, ಸಮರ್ ಪ್ರೋಗ್ರಾಂ. ದೋನ್ ಮಹಿನೆ, ಪೂರಾ ಎರಡು ತಿಂಗಳು. ಏನು ಮಾಡಿದೆ ಕೇಳು. ಪೇಪರ್ ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ಅದರ ಹೆಸರು ಹಾಕಿದೆ. ಸರ್ ಸಿಕ್ಕಿದ್ದು ಎರಡು ಸಲ. ಬಸ್, ಖತಂ."

"ಮತ್ತ ಸರ್ಟಿಫಿಕೇಟು?"

"ಫಸ್ಟ್ ಕ್ಲಾಸ್ ಇದೆ! ಆಯಿ ಫ್ರೇಮ್ ಹಾಕಿಸಿದಾಳೆ." ಅಮ್ಮ ಗೋಡೆಗೆ ತೂಗುಹಾಕಿದ್ದನ್ನು ತೋರಿಸಿದಳು. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೆ ನನ್ನ ಫ್ರೆಂಡ್ ಅದೇ ಬಿಲ್ಡಿಂಗ್‌ನಲ್ಲಿ ಬೇರೆ ಮೇಡಂ ಹತ್ರ ಇದ್ದಳು. ಅವಳು ಆಗಲೇ ಡಿಸೈಡ್ ಮಾಡಿದಳು, ಪಿಎಚ್‌ಡಿನೇ ಮಾಡೂದು ಅಂತ. ಸೇಮ್ ಪ್ರೋಗ್ರಾಂ, ಸೇಮ್ ಸರ್ಟಿಫಿಕೇಟ್. ನೀ ಯಾರ ಹತ್ರ ಬೀಳ್ತೀ, ಅದು ಲಕ್," ಎಂದಳು.

ಮರುದಿನ ಒಂಬತ್ತರ ಗದ್ದಲ ಇಳಿಯಲೆಂದು ಹತ್ತೂವರೆಗೆ ಹೊರಟೆ. ಅಂಧೇರಿಯಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹಿಡಿದೆ. ಹೆಂಗಸರ ಡಬ್ಬಿಯಲ್ಲಿ ನಿಂತು ಮನೆಗೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮುಗಿಸಿದ ಕೂಡಲೇ ಎದುರಿನ ಸೀಟಿನಲ್ಲಿ ಕುಳಿತ ಹೆಂಗಸು, "ಯಾ ಊರಾಕೀ ಯವ್ವಾ?" ಎಂದಳು. ಕಲಬುರಗಿ ಕಡೆಯವಳು. ಮೂವರು ಹೆಂಗಸರು ಸೇರಿ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಒತ್ತಿಕೊಂಡು ಕುಳಿತು ನನಗೆ ಜಾಗ ಮಾಡಿದರು. "ಮಗಳನ್ನ ನೋಡ್ಲಾಕ ಬಂದೀರೇನು?" ಎಂದು ಕೇಳಿದಾಗ ಹೂಂ ಎಂದೆ. ತಿದ್ದಬೇಕೆನಿಸಲಿಲ್ಲ.

ವಡಾಲದಲ್ಲಿ ಇಳಿದಾಗ ಹನ್ನೆರಡಾಗಿತ್ತು. ರೇಣುಕಾಳ ಪ್ರಯೋಗಾಲಯ ಅಲ್ಲಿಂದ ಕಾಲ್ನಡಿಗೆಯ ದೂರ. ಉದ್ದನೆಯ ಕೋಣೆ, ಸ್ಪಿರಿಟ್ಟಿನ ವಾಸನೆ, ಅದರ ಕೆಳಗೆ ಸಮುದ್ರದ ಕೆಸರಿನ ವಾಸನೆ. ಅವಳು ಎದ್ದು ಬಂದು ನನ್ನ ಕೈ ಹಿಡಿದಳು. ಉಗುರುಗಳ ಅಂಚಿನಲ್ಲಿ ಕಪ್ಪು ಕುಳಿತಿತ್ತು. ಸೊರಗಿರಲಿಲ್ಲ, ಆದರೆ ಕಣ್ಣು ಕೊಟ್ಟು ಮಾತಾಡಲಿಲ್ಲ.

ಅವಳ ಮಾರ್ಗದರ್ಶಕಿ ಮೀನಲ್ ಮೇಡಮ್ ಐವತ್ತರ ಆಸುಪಾಸಿನ, ನಿಧಾನ ಮಾತಿನ ಹೆಂಗಸು. ಹಿಂದಿ, ಇಂಗ್ಲಿಷ್ ಬೆರೆಸಿ ಕೆಲಸ ವಿವರಿಸಿದರು. ಪಕ್ಕದ ಶಿವಡಿಯಲ್ಲಿ ಸಮುದ್ರ ಒಳಚಾಚಿದ ಖಾರಿಯ ನೀರಿಳಿದಾಗ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿ ಅಳತೆಗೆಂದು ತಂತಿಯ ಒಂದು ಚೌಕ ಇಟ್ಟು, ಅದರೊಳಗಿನ ಕೆಸರು ತಂದು ಜರಡಿ ಹಿಡಿದು, ಉಳಿದ ಸಣ್ಣ ಬಸವನಹುಳುಗಳನ್ನು ತಟ್ಟೆಯಲ್ಲಿ ಹರಡಿ ಎಣಿಸುವುದು. ಒಂದೇ ತಟ್ಟೆಯನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು: ಒಬ್ಬಳು ರೇಣುಕಾ, ಇನ್ನೊಬ್ಬ ಪಿಎಚ್‌ಡಿ ವಿದ್ಯಾರ್ಥಿ ಪ್ರಜ್ವಲ್. ಇಬ್ಬರ ಎಣಿಕೆಯ ನಡುವೆ ಎಷ್ಟು ಅಂತರ ಬೀಳುತ್ತದೆ ಎನ್ನುವುದೇ ಅವಳ ಪ್ರಾಜೆಕ್ಟು.

"ಮೊದಲ ವಾರ ಅಂತರ ಬಹಳ ಇತ್ತು. ಆಮೇಲೆ ಹುಡುಗಿ ಬೇಗ ಕಲಿತಳು. ಈಗ ಇಬ್ಬರದೂ ಹತ್ತಿರ ಹತ್ತಿರ," ಎಂದರು ಮೀನಲ್ ಮೇಡಮ್. ರೇಣುಕಾ ನೆಲ ನೋಡುತ್ತಿದ್ದಳು.

ಊಟಕ್ಕೆ ಅವಳನ್ನು ಮಾಟುಂಗಾಕ್ಕೆ ಕರೆದುಕೊಂಡು ಹೋದೆ. ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಹಳೆಯ ಉಡುಪಿ ಹೋಟೆಲು, ಕಲ್ಲಿನ ಮೇಜು, ಬಾಳೆಎಲೆ. ಬಡಿಸುವವರು ಕಾರ್ಕಳದ ಕಡೆಯವರು. ನಮ್ಮ ಮಾತು ಕೇಳಿ "ಊರಿಂದ ಬಂದದ್ದಾ? ಹಾಗಾದ್ರೆ ಇನ್ನೊಂಚೂರು ಹಾಕುವ," ಎಂದು ಕೇಳದೆಯೇ ತಂಬುಳಿ ಸುರಿದರು. ರೇಣುಕಾ ಅನ್ನ ಕಲಸಿ ಕೈ ಅಲ್ಲೇ ಇಟ್ಟುಕೊಂಡಳು.

"ಯಾರರ ಏನರ ಅಂದ್ರೇನವಾ?" ಎಂದೆ. ಐದು ದಿನದಿಂದ ಎದೆಯಲ್ಲಿಟ್ಟುಕೊಂಡ ಪ್ರಶ್ನೆ ಅದು.

"ಇಲ್ರಿ ಮೇಡಮ್. ಎಲ್ಲಾರೂ ಚಲೋ ಅದಾರ. ತಪ್ಪು ನಾನ ಮಾಡೇನಿ."

ಮೊದಲ ವಾರ ಒಂದು ತಟ್ಟೆಯಲ್ಲಿ ಪ್ರಜ್ವಲ್ ನಲವತ್ತೊಂದು ಎಣಿಸಿದ್ದ, ಇವಳು ಐವತ್ತೆಂಟು. ಮುಂದಿನ ತಟ್ಟೆಯಲ್ಲೂ ಹಾಗೇ. ಅವನು ಮೂರು ವರ್ಷದಿಂದ ಇದೇ ಕೆಲಸ ಮಾಡುವವನು. ತಪ್ಪು ತನ್ನದೇ ಎಂದು ಇವಳಿಗೆ ಖಾತ್ರಿ. ಮತ್ತೆ ಮತ್ತೆ ಎಣಿಸಿದರೂ ಹೆಚ್ಚೇ ಬರುತ್ತಿತ್ತು. ಇಂಥ ಊರಿಂದ ಬಂದವಳಿಗೆ ಎಣಿಸುವುದಕ್ಕೂ ಬರುವುದಿಲ್ಲ ಎಂದುಕೊಂಡಾರು ಎಂಬ ಅಂಜಿಕೆ. ಅವನ ಹಾಳೆ ಮೇಜಿನ ಮೇಲೆಯೇ ಬಿದ್ದಿರುತ್ತಿತ್ತು. ಎರಡನೆಯ ವಾರದಿಂದ ಅದನ್ನು ನೋಡಿ ಬರೆಯತೊಡಗಿದಳು.

"ಅದೇ ಸಂಖ್ಯಾ ಬರೀಲಿಲ್ರಿ. ಎರಡು ಹೆಚ್ಚು, ಇಲ್ಲಾ ಮೂರು ಕಡಿಮಿ. ಪೂರಾ ಅದನ್ನ ಬರೆದ್ರ ಗೊತ್ತಾಗ್ತದಲ್ರಿ." ಅನ್ನವನ್ನು ಎಲೆಯ ಅಂಚಿಗೆ ಸರಿಸುತ್ತ, "ನೀವ ಹೇಳಿದ್ರಲ್ರಿ, ಪ್ರಾಕ್ಟಿಕಲ್ಸ್‌ದಾಗ," ಎಂದಳು. ಆಕ್ಷೇಪಣೆಯ ಧ್ವನಿಯಲ್ಲ. ನೆನಪು ಮಾಡಿಕೊಟ್ಟಂತೆ ಹೇಳಿದಳು, ಅಷ್ಟೆ.

ಹೇಳಿದ್ದು ಹೌದು. ನಮ್ಮ ಲ್ಯಾಬಿನಲ್ಲಿ ಇರುವುದೇ ನಾಲ್ಕು ಸೂಕ್ಷ್ಮದರ್ಶಕ, ಅದರಲ್ಲಿ ಎರಡಕ್ಕೆ ಕನ್ನಡಿ ಇಲ್ಲ. ಪ್ರಯೋಗ ಮಾಡುವ ಮೊದಲೇ ಬರಬೇಕಾದ ಉತ್ತರವನ್ನು ಹಲಗೆಯ ಮೇಲೆ ಬರೆಯುತ್ತೇನೆ. "ಉತ್ತರ ಇದರ ಹತ್ತಿರ ಬರಲಿ. ಪೂರ್ತಿ ಇದನ್ನೇ ಬರೆದ್ರ ಎಕ್ಸಾಮಿನರ್‌ಗೆ ಗೊತ್ತಾಗ್ತದ," ಎಂದು ಪ್ರತಿ ವರ್ಷ ಪ್ರತಿ ಬ್ಯಾಚಿಗೂ ಹೇಳಿದ್ದೇನೆ. ಹತ್ತೊಂಬತ್ತು ವರ್ಷ. ಮಕ್ಕಳು ಪಾಸಾಗಲಿ ಎಂದೇ ಹೇಳಿದ್ದು. ಆ ಮಾತು ಒಬ್ಬಳ ಕೈಯಲ್ಲಿ ಇಷ್ಟು ದೂರ ಪ್ರಯಾಣ ಮಾಡುತ್ತದೆಂದು ನನಗೆ ಹೊಳೆದಿರಲಿಲ್ಲ. ಎಲೆಯನ್ನು ಹಾಗೇ ಮಡಚಿದೆ.

"ಸುಮ್ನ ವಾಪಸ್ ಬಂದುಬಿಡ್ತೀನ್ರಿ. ಆರಾಮಿಲ್ಲ ಅಂತ ಹೇಳಿ."

"ಬಂದ್ರ ಆ ಹಾಳಿ ಏನಾಗ್ತಾವ?"

"ಅಣ್ಣಾರ ಥೀಸಿಸ್‌ದಾಗ ಹೋಗ್ತಾವ್ರಿ." ಅಣ್ಣ ಎಂದರೆ ಪ್ರಜ್ವಲ್. ಆಮೇಲೆ ತಾನೇ ಹೇಳಿದಳು, "ಹೇಳಬೇಕಲ್ರಿ?"

ನಾನು ಹೇಳು ಎನ್ನಲಿಲ್ಲ. ಹೇಳು ಎನ್ನುವ ಹಕ್ಕು ನನಗೆ ಉಳಿದಿತ್ತೇ ಎಂಬುದು ಆಗ ತಿಳಿಯಲಿಲ್ಲ. "ನಾಳಿ ಮೇಡಮ್ ಕೋಣಿಗೆ ನಾನೂ ಬರ್ತೀನಿ," ಎಂದಷ್ಟೇ ಅಂದೆ. ಬೊರಿವಲಿಗೆ ಮರಳುವ ಲೋಕಲ್‌ನಲ್ಲಿ ಮೈಗೆ ಮೈ ಅಂಟಿದ ನೂಕಿನಲ್ಲಿ ನಿಂತು ಬಂದೆ. ಎಲ್ಲಿ ಇಳಿಯಬೇಕೆಂದು ಪಕ್ಕದ ಹುಡುಗಿ ಎರಡು ಸಲ ಕೇಳಿದ ಮೇಲೆ ಎಚ್ಚರವಾಯಿತು.

ಮೂರನೆಯ ದಿನ ಮೋಡ ಕಟ್ಟಿತ್ತು. ಹತ್ತು ಗಂಟೆಗೆ ಮೀನಲ್ ಮೇಡಮ್ ಕೋಣೆಯಲ್ಲಿ ನಾವು ನಾಲ್ವರು ಕುಳಿತೆವು. ರೇಣುಕಾ ಪ್ರಜ್ವಲ್‌ನನ್ನೂ ಕರೆಯಿರಿ ಎಂದಿದ್ದಳು. ಅವನು ಉಡುಪಿ ಮೂಲದವನು, ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅವಳು ಹಿಂದಿಯಲ್ಲಿ ಶುರುಮಾಡಿ, ಎರಡನೆಯ ವಾಕ್ಯಕ್ಕೇ ತೊದಲಿದಳು. "ಕನ್ನಡದಲ್ಲಿ ಹೇಳು ಮಾರಾಯ್ತಿ, ನಾನು ಮೇಡಂಗೆ ಹೇಳ್ತೇನೆ," ಎಂದ ಅವನು, ಏನು ಬರಲಿದೆ ಎಂದು ತಿಳಿಯದೆ. ಹೀಗಾಗಿ ತನ್ನ ಮೂರು ವಾರದ ಕೆಲಸ ಹಾಳಾದ ಸುದ್ದಿಯನ್ನು ಅವನೇ ಒಂದೊಂದು ವಾಕ್ಯವಾಗಿ ಭಾಷಾಂತರ ಮಾಡಬೇಕಾಯಿತು. ನಡುವೆ ಒಂದು ಕಡೆ ಅವನು ನಿಂತ. ಆಮೇಲೆ ಮುಂದುವರಿಸಿದ. ಏನನ್ನೂ ಬಿಡಲಿಲ್ಲ.

ಮೀನಲ್ ಮೇಡಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗ ನಾನು ನನ್ನ ಮುರುಕು ಹಿಂದಿಯಲ್ಲಿ, "ಇದನ್ನು ಅವಳಿಗೆ ಕಲಿಸಿದವಳು ನಾನು," ಎಂದೆ. ಹಲಗೆಯ ಮೇಲೆ ಉತ್ತರ ಬರೆಯುವ ಸಂಗತಿ ಪೂರ್ತಿ ಹೇಳಿದೆ. ನನಗಿಂತ ಕಿರಿಯರ ಮುಂದೆ ಅಷ್ಟು ಸಣ್ಣವಳಾದ ನೆನಪು ಬೇರೊಂದಿಲ್ಲ.

"ನನಗೂ ಹಾಗೇ ಕಲಿಸಿದ್ದರು," ಎಂದರು ಅವರು. ಸಮಾಧಾನ ಮಾಡುವ ದನಿಯಲ್ಲ. "ಆದರೆ ಇಲ್ಲಿ ಹಲಗೆಯ ಮೇಲೆ ಉತ್ತರ ಇಲ್ಲ. ಇದ್ದಿದ್ದರೆ ನಾವು ಕೆಸರಿಗೆ ಇಳಿಯುತ್ತಿರಲಿಲ್ಲ." ನೋಟ್‌ಬುಕ್ ತರಿಸಿ, ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗಿನ ಪ್ರತಿ ಪುಟಕ್ಕೂ ಒಂದೊಂದು ಓರೆಗೆರೆ ಎಳೆದು, ಕೆಳಗೆ ಕಾರಣ ಬರೆದು ಸಹಿ ಮಾಡಲು ರೇಣುಕಾಳಿಗೆ ಹೇಳಿದರು. ಹರಿಯಬಾರದು, ಅಳಿಸಬಾರದು. ಅವಳು ಅಳುತ್ತಲೇ ಎಳೆದಳು. ಗೆರೆಗಳು ಮಾತ್ರ ನೆಟ್ಟಗಿದ್ದವು.

"ಕೊನೆಯಲ್ಲಿ ನಿನಗೆ ಒಂದು ಶಿಫಾರಸು ಪತ್ರ ಬರೆಯುತ್ತೇನಲ್ಲ, ಅದರಲ್ಲಿ ಇದನ್ನೂ ಬರೆಯುತ್ತೇನೆ. ಮಾಡಿದ್ದನ್ನೂ, ಬಂದು ಹೇಳಿದ್ದನ್ನೂ. ಓದಿದವರು ಹೇಗೆ ತಗೋತಾರೋ ನನಗೆ ಗೊತ್ತಿಲ್ಲ. ಬೇಡ ಅಂದರೆ ಪತ್ರವೇ ಬರೆಯುವುದಿಲ್ಲ," ಎಂದರು ಮೀನಲ್ ಮೇಡಮ್.

ಎಂಎಸ್ಸಿ ಪ್ರವೇಶಕ್ಕೆ ಆ ಪತ್ರ ಎಷ್ಟು ಮುಖ್ಯವೆಂದು ನಾವು ಊರಿನಲ್ಲೇ ಮಾತಾಡಿಕೊಂಡಿದ್ದೆವು. ರೇಣುಕಾ ನನ್ನ ಕಡೆ ನೋಡಲಿಲ್ಲ. "ಬರೀರಿ," ಎಂದಳು.

ಪ್ರಜ್ವಲ್ ಎದ್ದು ಹೋಗಿ, ಕಪಾಟಿನಿಂದ ಒಂದು ಬಾಟಲಿ ತಂದ. ಮೊದಲ ವಾರದ ತಟ್ಟೆಗಳಲ್ಲಿದ್ದುದನ್ನು ಮಾತ್ರ ಸ್ಪಿರಿಟ್ಟಿನಲ್ಲಿ ಇಟ್ಟಿದ್ದರಂತೆ. "ಎಂತಕ್ಕೂ ಒಮ್ಮೆ ನೋಡುವ," ಎಂದ. ನಲವತ್ತೊಂದು-ಐವತ್ತೆಂಟರ ತಟ್ಟೆ ಅದು. ಈ ಸಲ ಮೀನಲ್ ಮೇಡಮ್ ಎಣಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. 

"ಐವತ್ತಾರು," ಎಂದರು.

ಪ್ರಜ್ವಲ್ ಮತ್ತೆ ಕಣ್ಣಿಟ್ಟು ನೋಡಿದ. ಸಾಸಿವೆಗಿಂತ ಸಣ್ಣ ಮರಿಗಳನ್ನು ಅವನು ಮರಳೆಂದು ಬಿಟ್ಟಿದ್ದ. ದೊಡ್ಡವನ್ನೇ ನೋಡಿ ನೋಡಿ ಅವನ ಕಣ್ಣು ಅದಕ್ಕೇ ಒಗ್ಗಿಹೋಗಿತ್ತು. "ಮೂರು ವರ್ಷ," ಎಂದ, ತನಗೆ ತಾನೇ. ಆಮೇಲೆ ರೇಣುಕಾಳ ಕಡೆ ತಿರುಗಿ ಸಿಟ್ಟಿನಿಂದಲೇ, "ಆಗಲೇ ಹೇಳ್ಬಾರ್ದಿತ್ತಾ ನೀನು? ನಿಂದು ಸರಿ ಉಂಟು ಅಂತ?" ಎಂದ.

"ನನಗ ಹೆಂಗ ಗೊತ್ತಾಗ್ಬೇಕ್ರಿ ಅಣ್ಣಾರ, ಸರಿ ಐತಿ ಅಂತ?"

ಅವನು ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದ. ಉಳಿದ ಮೂರು ವಾರಗಳ ಹುಳುಗಳನ್ನು ಎಣಿಸಿ ಚೆಲ್ಲಿಯಾಗಿತ್ತು. ಆ ತಟ್ಟೆಗಳಲ್ಲಿ ನಿಜವಾಗಿ ಎಷ್ಟಿದ್ದವೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಮೀನಲ್ ಮೇಡಮ್‌ಗೆ ಹೆಚ್ಚು ನೋವಾದದ್ದು ಅದೇ ಎಂದು ಅವರ ಮುಖದಿಂದ ನನಗೆ ತಿಳಿಯಿತು.

ಮಧ್ಯಾಹ್ನ ಅವರು ನನ್ನನ್ನೂ ಒಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಒಂದು ತಟ್ಟೆ ಕೊಟ್ಟು ಎಣಿಸಿ ಎಂದರು. ಒಂದು ತಾಸು ಕುಳಿತೆ. ಮೊದಲು ಎಲ್ಲವೂ ಮರಳು. ಕಣ್ಣು ಪಳಗಿದ ಮೇಲೆ ಮರಳಿನ ನಡುವೆ ಸುರುಳಿಗಳು, ಸುರುಳಿಯ ಬಾಯಲ್ಲಿ ಕಂದು ಮುಚ್ಚಳ. ಮೂವತ್ತಮೂರು ಬಂತು. ಸರಿಯೇ ಎಂದು ಕೇಳಿದೆ. "ಈ ತಟ್ಟೆ ಇನ್ನೂ ಯಾರೂ ಎಣಿಸಿಲ್ಲ," ಎಂದರು. ಕಲಿಸುವ ಕೆಲಸಕ್ಕೆ ಸೇರಿದಂದಿನಿಂದ, ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ನಾನು ಕುಳಿತದ್ದು ಅದೇ ಮೊದಲು. ಕತ್ತು ನೋಯುತ್ತಿತ್ತು, ಆದರೂ ಏಳಲು ಮನಸ್ಸಾಗಲಿಲ್ಲ.

ಸಂಜೆ ಸಾನಿಕಾ ಕೇಳಿದಳು, "ಸೋ ಮಾಮಿ, ವರ್ಥ್ ಆಯ್ತಾ?"

"ನಿನ್ನದು ಆಗಲಿಲ್ಲ ಅನಸ್ತದ. ರೇಣುಕಾಂದು ಆತು," ಎಂದೆ. "ಯಾರ ಜೋಡಿ ಕೂತು ಕೆಲಸ ಮಾಡ್ತೀ, ತಪ್ಪಾದ್ರ ಅವರ ಮುಂದ ಹೇಳಾಕ ಬರ್ತದೇನು, ಅದನ್ನ ಮೊದಲ ಕೇಳ್ಕೊಂಡು ಹೋಗ್ಬೇಕವಾ. ಎಂಟು ವಾರ ಹಿಂಗಂದ್ರ ಹಂಗ ಹೋಗ್ತಾವ."

ಊರಿನ ಇಬ್ಬರು ಪಾಲಕರಿಗೂ ಅದನ್ನೇ ಫೋನಿನಲ್ಲಿ ಹೇಳಿದೆ. ಒಬ್ಬರು ಸರ್ಟಿಫಿಕೇಟಿನಿಂದ ನೌಕರಿ ಸಿಗುತ್ತದೆಯೇ ಎಂದರು. ಸಿಗುತ್ತದೆ ಎಂದು ಹೇಳಲಾರೆ ಎಂದೆ. ರೇಣುಕಾಳ ಅಪ್ಪನಿಗೆ ಏನು ಹೇಳಬೇಕೆಂಬುದನ್ನು ಅವಳಿಗೇ ಬಿಟ್ಟೆ. ಅವಳು ಆ ದಿನವೇ ಮಾತಾಡಿದ್ದಳು. "ಕಾಯಿಲ್ ಸುಟ್ಟಿದ್ದು ಕಂಡ್ರ ಪೂರಾ ಬಿಚ್ಚಿ ಮತ್ತ ಸುತ್ತಬೇಕಾಗ್ತದ, ಮ್ಯಾಲೆ ಬಣ್ಣ ಹಚ್ಚಿದ್ರ ಮೋಟರ್ ತಿರಗಂಗಿಲ್ಲ," ಎಂದರಂತೆ ಅಪ್ಪ. ಅದಕ್ಕಿಂತ ಹೆಚ್ಚೇನೂ ಕೇಳಲಿಲ್ಲವಂತೆ.

ನಾಲ್ಕನೆಯ ದಿನ ನನ್ನ ವಾಪಸು ಪ್ರಯಾಣ. ಹುಬ್ಬಳ್ಳಿಯ ಖಾಸಗಿ ಬಸ್ಸನ್ನು ಸಂಜೆ ಐದಕ್ಕೆ ಸಾಯನ್‌ನಲ್ಲಿ ಹತ್ತಬೇಕಿತ್ತು. ಆ ದಿನ ಖಾರಿಯ ನೀರು ಪೂರ್ತಿ ಇಳಿಯುವುದು ಮೂರೂಕಾಲಿಗೆ. ಹಾಗಾಗಿ ಬ್ಯಾಗು ಹೆಗಲಿಗೆ ಹಾಕಿಕೊಂಡೇ ವಡಾಲದ ಮುಂದಿನ ಸ್ಟೇಷನ್ ಶಿವಡಿಯಲ್ಲಿ ಇಳಿದೆ. ಗೋದಾಮುಗಳ ನಡುವಿನ ರಸ್ತೆಯಲ್ಲಿ ಲಾರಿಗಳ ಧೂಳು ಕುಡಿಯುತ್ತ ಅರ್ಧ ಗಂಟೆ ನಡೆದರೆ ಒಮ್ಮೆಗೇ ಬಯಲು. ಕಣ್ಣು ಹರಿಯುವವರೆಗೆ ಬೂದು ಕೆಸರು, ಅದರಾಚೆ ತೆಳ್ಳನೆಯ ನೀರಿನ ಗೆರೆ, ಪಕ್ಕದಲ್ಲಿ ಸಮುದ್ರದೊಳಗೆ ಹೊರಟುಹೋದ ಹೊಸ ಸೇತುವೆ. ಚಳಿಗಾಲಕ್ಕೆ ಬರುವ ಗುಲಾಬಿ ಫ್ಲೆಮಿಂಗೊ ಹಕ್ಕಿಗಳು ಹೊರಟುಹೋಗಿದ್ದವು. ಹತ್ತಿಪ್ಪತ್ತು ಹಿಂದುಳಿದು ದೂರದಲ್ಲಿ ನಿಂತಿದ್ದವು.

ರೇಣುಕಾ ಮತ್ತು ಪ್ರಜ್ವಲ್ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಕೆಸರಿಗೆ ಹಾಸಿದ ಮರದ ಹಲಗೆಯ ಮೇಲೆ ಹೆಜ್ಜೆ ಇಡುತ್ತ ಇಳಿದರು. ನಾನು ಕಟ್ಟೆಯ ಮೇಲೆ ನಿಂತೆ. ಈಗ ನಿಯಮ ಬದಲಾಗಿತ್ತು: ಒಬ್ಬರು ಎಣಿಸುವಾಗ ಇನ್ನೊಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು, ಹಾಳೆ ಮಡಚಿ ಲಕೋಟೆಗೆ ಹಾಕಬೇಕು. ಕೆಸರಿನ ಮೇಲ್ಮೈಯಲ್ಲಿ ಹರಿದಾಡುವ ಹುಳುಗಳನ್ನು ಮೊದಲು ಅಲ್ಲೇ ಎಣಿಸಿಕೊಂಡು, ಆಮೇಲೆ ಕೆಸರು ತೆಗೆಯುವುದು. ಪ್ರಜ್ವಲ್ ತನ್ನದು ಮುಗಿಸಿ ಪಕ್ಕಕ್ಕೆ ಸರಿದ. ರೇಣುಕಾ ಚೌಕದ ಮೇಲೆ ಬಾಗಿದಳು.

ದೊಡ್ಡ ದೊಡ್ಡ ಹನಿ ನಾಲ್ಕಾರು ಬಿದ್ದು ನಿಂತವು. ನಾಲ್ಕು ಗಂಟೆಯಾಗುತ್ತ ಬಂದಿತ್ತು. "ರೇಣುಕಾ, ನಾ ಬರ್ತೀನವಾ!" ಎಂದು ಕೂಗಿದೆ.

ಅವಳು ತಲೆ ಎತ್ತಲಿಲ್ಲ. ಎಡಗೈಯನ್ನು ಮಾತ್ರ ನನ್ನ ಕಡೆ ಎತ್ತಿ ಹಿಡಿದಳು. ಬೀಳ್ಕೊಡುವ ಕೈಯಲ್ಲ, ಮಾತಾಡಿಸಬೇಡಿ ಎನ್ನುವ ಕೈ. ಎಣಿಕೆಗೆ ತುಟಿಗಳು ಅಲುಗುತ್ತಿದ್ದವು. ಆಚೆ ಅವಳಿಗೆ ಬೆನ್ನು ಹಾಕಿ ನಿಂತಿದ್ದ ಪ್ರಜ್ವಲ್ ನನ್ನ ಕಡೆ ನೋಡಿ ನಕ್ಕು, ತುಟಿಯ ಮೇಲೆ ಬೆರಳಿಟ್ಟ.

ಸ್ವಲ್ಪ ಹೊತ್ತು ಕಾದೆ. ಕೈ ಹಾಗೇ ಎತ್ತಿದಂತೆಯೇ ಇತ್ತು. ಕೊನೆಗೆ ಬ್ಯಾಗು ಸರಿಪಡಿಸಿಕೊಂಡು, ಸದ್ದಾಗದಂತೆ ಕಟ್ಟೆ ಇಳಿದು ರಸ್ತೆಗೆ ಬಂದೆ.